ಒಪ್ಪಿಕೊಂಡವರಿಗೆ ಪೆಟ್ಟಿಲ್ಲ

ಫೆಬ್ರವರಿ 12

ಈ ಕಾಗದ ಒಡೆದು ಓದುತ್ತಾ ಕೂತಿರೋ ಮಹಾತಾಯಿಗೆ,

ನಿನಗೆ ನಾಚಿಕೆ ಅನ್ನೋದು ಇದೆಯಾ? ಲಕೋಟೆ ಮೇಲಿರೋದು ನನ್ನ ಮೊಮ್ಮಗಳ ನಂಬರು, ನಿನ್ನದಲ್ಲ. ಜೈಲಿಗೆ ಬರೋ ಕಾಗದವನ್ನೆಲ್ಲ ಮೊದಲು ಆಫೀಸಿನವರು ಓದಿ ಆಮೇಲೆ ಒಳಗೆ ಕೊಡೋದು ಅಂತ ಗೇಟಿನವನು ಹೇಳಿದ. ಓದು ತಾಯಿ, ಓದು. ಸಂಬಳ ತಗೊಂಡು ಬೇರೆಯವರ ಮನೆ ಮಾತು ಕೇಳೋ ಕೆಲಸ ಎಲ್ಲರಿಗೂ ಸಿಗಲ್ಲ. ನಮ್ಮ ಮಹಡಿಯಲ್ಲಿ ಅದನ್ನ ಪುಕ್ಕಟೆ ಮಾಡ್ತಾರೆ. ತಿಂಡಿ ತಿಂದ ಕೈಯಲ್ಲಿ ಮಾತ್ರ ಮುಟ್ಟಬೇಡ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನ ಅಕ್ಷರ, ಮೊದಲೇ ವಕ್ರ, ಅದರ ಮೇಲೆ ನಿನ್ನ ಎಣ್ಣೆ ಬೇರೆ ಬೇಡ. ಓದಿ ಮುಗಿಸಿ ಅವಳ ಕೈಗೆ ಕೊಡು. ಇಲ್ಲಿಂದ ಕೆಳಗಿರೋದು ಅವಳಿಗೆ.

ಏನೇ ಕಡ್ಡಿ,

ನಿನಗೆ ಶಿಕ್ಷೆ ಆಗಿ ಹತ್ತು ದಿನ ಆಯ್ತು. ನಿನ್ನೆ ಅಂಚೆಯವನು ಮೆಟ್ಟಿಲು ಹತ್ತೋ ಸದ್ದು ಕೇಳಿಸ್ತು. ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಂತೆ. ಅವನು ನನ್ನ ಮುಖ ನೋಡಿದ, ಲಕೋಟೆ ನೋಡಿದ, ತಿರುಗಿ ಎದುರು ಬಾಗಿಲು ತಟ್ಟಿದ. ನಿನ್ನ ಮೊದಲನೇ ಕಾಗದ ನಿನ್ನ ಚಿಕ್ಕಜ್ಜಿಗೆ! ನನ್ನ ವಾರಗಿತ್ತಿಗೆ! ಆರು ವರ್ಷದ ನಿನ್ನನ್ನ, ಅಪ್ಪ ತೀರಿಕೊಂಡು ಅಮ್ಮ ಬೇರೆ ಮನೆ ಸೇರಿದ ಮೇಲೆ, ತಲೆ ಬಾಚಿ, ಹೇನು ಹೆಕ್ಕಿ, ಜ್ವರಕ್ಕೆ ಒದ್ದೆ ಬಟ್ಟೆ ಹಾಕಿ ಇಪ್ಪತ್ತೆರಡಕ್ಕೆ ತಂದವಳು ಯಾರು? ನಾನೋ, ಅವಳೋ?

ಅವಳು ಅದನ್ನ ಒಳಗೆ ಕೂತು ಓದಿಕೊಳ್ಳಬಹುದಿತ್ತು. ಓದಲಿಲ್ಲ. ಬಟ್ಟೆ ಹರವೋ ನೆಪದಲ್ಲಿ ಹೊರಗೆ ಬಂದಳು. ಸೊಂಟಕ್ಕೆ ಸಿಕ್ಕಿಸಿದ ಕಾಗದ ಅರ್ಧ ಹೊರಗೆ ಕಾಣೋ ಹಾಗೆ. ಒಂದು ಒದ್ದೆ ಟವೆಲನ್ನ ನಾಲ್ಕು ಸಲ ಒದರಿದಳು. "ಅಕ್ಕಾ, ಮಗು ಬರೆದಿದ್ದಾಳೆ" ಅಂದಳು. "ಯಾವ ಮಗು?" ಅಂದೆ. "ನಮ್ಮ ಮಗು" ಅಂದಳು. ನಮ್ಮ! ಆ ಮಾತು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡು ಕೂತಿದೆ, ಇನ್ನೂ ಇಳಿದಿಲ್ಲ.

ಏನು ಬರೆದಿದ್ದೀಯ ಅಂತ ನಾನು ಕೇಳಲಿಲ್ಲ. ಕೇಳೋದೂ ಇಲ್ಲ. ಎರಡು ಹಾಳೆ, ಎರಡೂ ಕಡೆ ಬರೆದಿದ್ದೀಯ, ಅಷ್ಟು ಕಂಡಿತು.

ಕೋರ್ಟಿನಲ್ಲಿ ನಾಲ್ಕು ವರ್ಷ ಅಂದಾಗ ನನಗೆ ತಲೆಗೆ ಹೋಗಲಿಲ್ಲ ಕಣೇ. ನಾಲ್ಕು ತಿಂಗಳು ಅಂದರಾ ಅಂತ ಪಕ್ಕದವನನ್ನ ಕೇಳಿದೆ. ನಮ್ಮ ಮನೆಯಲ್ಲಿ ಇರೋದು ಒಂದೇ ಕಾನೂನು. ಒಪ್ಪಿಕೊಂಡವರಿಗೆ ಪೆಟ್ಟಿಲ್ಲ. ಹಾಲು ಚೆಲ್ಲಿದರೂ ಸರಿ, ಶಾಲೆ ತಪ್ಪಿಸಿದರೂ ಸರಿ, "ನಾನೇ ಮಾಡಿದ್ದು ಅಜ್ಜಿ" ಅಂದರೆ ಬೈಗುಳ ಉಂಟು, ಪೆಟ್ಟಿಲ್ಲ, ಕೊನೆಗೆ ಒಂದು ಚೂರು ಸಕ್ಕರೆಯೂ ಉಂಟು. ಆ ಜಡ್ಜು ನಿನ್ನನ್ನ "ಟೈಲರಂಗಡಿಗೆ ಬೇಕಂತಲೇ ಬೆಂಕಿ ಇಟ್ಟಿದ್ದನ್ನ ಒಪ್ಪಿಕೊಳ್ತೀಯಾ?" ಅಂತ ಕೇಳಿದಾಗ ನೀನು ತಿರುಗಿ ನನ್ನ ಮುಖ ನೋಡಿದೆ. ನಾನು ತಲೆ ಆಡಿಸಿದೆ. ನೀನು "ಎಲ್ಲಾ ನನ್ನದೇ ತಪ್ಪು" ಅಂದೆ. ಬೈದು ಕಳಿಸ್ತಾನೆ ಅಂದುಕೊಂಡಿದ್ದೆ. ಆ ಮನುಷ್ಯನಿಗೆ ಅಜ್ಜಿ ಇರಲಿಲ್ಲ ಅಂತ ಕಾಣುತ್ತೆ.

ಬಟ್ಟೆ, ಸೋಪು, ಬಾಚಣಿಗೆ ಕಳಿಸಿದ್ದೀನಿ. ಚಿಕ್ಕಜ್ಜಿ ಕೂಡ ಒಂದು ಸ್ವೆಟರ್ ಹೆಣೀತಿದ್ದಾಳಂತೆ. ಅವಳ ಹೆಣಿಗೆ ಗೊತ್ತಲ್ಲ, ಒಂದು ತೋಳು ನಿನಗೆ, ಇನ್ನೊಂದು ಆನೆಗೆ.

ನನಗೆ ಬರೀ.

ನಿನ್ನ ಅಜ್ಜಿ (ಸ್ವಂತದ್ದು)

*

ಫೆಬ್ರವರಿ 28

ಓದೋ ತಾಯಿಗೆ ನಮಸ್ಕಾರ. ಕಳೆದ ಸಲದ್ದು ಬೇಗ ಕೊಟ್ಟೆ ಅಂತ ಎದುರು ಬಾಗಿಲಿಂದ ಕೇಳಿಬಂತು. ಒಳ್ಳೆಯ ಹೆಂಗಸು, ಕೆಟ್ಟ ಕೆಲಸ.

ಕಡ್ಡಿ,

ಎರಡನೇ ಕಾಗದವೂ ಅವಳಿಗೇ ಬಂತು. ಅಂಚೆಯವನಿಗೆ ಈಗ ನನ್ನ ಮುಖ ನೋಡೋಕೆ ಸಂಕೋಚ. "ಅಜ್ಜಿ, ನಾಳೆ ಬರಬಹುದು" ಅಂತ ಸಮಾಧಾನ ಮಾಡ್ತಾನೆ. ಊರಿನ ಅಂಚೆಯವನ ಕೈಯಲ್ಲಿ ಕರುಣೆ ಉಣ್ಣೋ ಹಾಗೆ ಮಾಡಿದೆಯಲ್ಲೇ ನನ್ನನ್ನ.

ಇರಲಿ. ಇದು ಕೆಲಸದ ಕಾಗದ, ಗಮನ ಇಟ್ಟು ಓದು. ಚಿಕ್ಕಜ್ಜಿಯ ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದಾಳಲ್ಲ ವಕೀಲಮ್ಮ, ದಪ್ಪ ಕನ್ನಡಕದವಳು, ಅವಳು ನನ್ನನ್ನ ಕೂರಿಸಿಕೊಂಡು ಎಲ್ಲಾ ಬಿಡಿಸಿ ಹೇಳಿದಳು. ಚಿಕ್ಕಜ್ಜಿಯೂ ಪಕ್ಕದಲ್ಲೇ ಕೂತಿದ್ದಳು, ಮದುವೆಹೆಣ್ಣನ್ನ ತೋರಿಸೋಕೆ ತಂದವಳ ಹಾಗೆ, ವಕೀಲಮ್ಮ ಬಾಯಿ ಬಿಟ್ಟಾಗಲೆಲ್ಲ "ನೋಡಿದೆಯಾ" ಅಂತ ನನ್ನ ಕಡೆ ನೋಡ್ತಾ.

ಮೇಲಿನ ಕೋರ್ಟಿಗೆ ಅಪೀಲು ಹಾಕಬಹುದಂತೆ. ಆದರೆ ನೀನು ಒಪ್ಪಿಕೊಂಡುಬಿಟ್ಟಿದ್ದೀಯಲ್ಲ, ಅದಕ್ಕೆ "ನಾನು ಮಾಡೇ ಇಲ್ಲ" ಅನ್ನೋ ದೊಡ್ಡ ಬಾಗಿಲು ಮುಚ್ಚಿ ಹೋಗಿದೆ. ಉಳಿದಿರೋದು ಎರಡು ಕಿಟಕಿ. ಒಂದು, ತಪ್ಪು ಒಪ್ಪಿದ್ದೀನಿ ಸ್ವಾಮಿ, ಶಿಕ್ಷೆ ಜಾಸ್ತಿಯಾಯ್ತು, ಕಡಿಮೆ ಮಾಡಿ ಅಂತ ಕೇಳೋದು. ಇನ್ನೊಂದು, ಏನು ಒಪ್ಪಿಕೊಳ್ತಿದ್ದೀನಿ ಅಂತ ತಿಳಿಯದೆ, ತಿಳಿಸಿ ಹೇಳೋ ವಕೀಲರೂ ಇಲ್ಲದೆ ಒಪ್ಪಿಕೊಂಡೆ, ಮತ್ತೆ ಮೊದಲಿಂದ ಕೇಳಿ ಅಂತ ಕೇಳೋದು. ಎರಡನೆಯದು ತೆರೆದರೆ ಬಾಗಿಲೂ ತೆರೆಯುತ್ತಂತೆ.

ಆದರೆ ಎರಡನೆಯದಕ್ಕೆ ಒಂದು ತೊಡಕು ಅಂದಳು. "ವಿಚಾರಣೆಗೆ ಮುಂಚೆ ಹುಡುಗಿ ಪರ ನಾನೇ ನಿಲ್ತೀನಿ, ಸಹಿ ಹಾಕಲಿ ಅಂತ ವಕಾಲತ್ತಿನ ಕಾಗದ ಕಳಿಸಿದ್ದೆನಲ್ಲ ಅಜ್ಜಿ, ನಿಮ್ಮ ಕೈಯಲ್ಲೇ. ಹುಡುಗಿ ಬೇಡ ಅಂದಳು ಅಂತ ನೀವೇ ಬಂದು ಹೇಳಿದಿರಿ. ವಕೀಲರು ಬೇಡ ಅಂದವಳೇ ಈಗ ವಕೀಲರಿರಲಿಲ್ಲ ಅಂದರೆ ಕೋರ್ಟು ನಂಬುತ್ತಾ?"

ಹೂಂ ಅಂದೆ. ಹಳೆಯ ಮಾತು, ನನಗೆ ಅಷ್ಟು ನೆನಪಿಲ್ಲ. ವಯಸ್ಸಾಯ್ತು.

ತೊಂಬತ್ತು ದಿನದೊಳಗೆ ಹಾಕಬೇಕು. ಮೇ ಮೂರಕ್ಕೆ ಮುಗೀತು. ಆಮೇಲೆ ತಲೆ ಚಚ್ಚಿಕೊಂಡರೂ ಆ ಕಿಟಕಿಯೂ ಇಲ್ಲ. ನೀನು ಸಹಿ ಹಾಕಬೇಕಾದ ಕಾಗದ ಇದರ ಜೊತೆ ಇದೆ. ಮೂರು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಾಳೆ. ಅಂಗಡಿಯಲ್ಲಿ ಏನಾಯ್ತು ಅಂತ ನಿನ್ನ ಮಾತಲ್ಲೇ ಒಂದು ಹಾಳೆ ಬರೆದು ಕಳಿಸಬೇಕು. ನನಗೂ ಗೊತ್ತಾಗಲಿ. ಪೊಲೀಸರ ಬಾಯಿಂದ ಕೇಳಿದ್ದೇ ಹೊರತು ನಿನ್ನ ಬಾಯಿಂದ ಕೇಳಿಲ್ಲ. ಚಿಕ್ಕಜ್ಜಿಗೆ ಬರೆದಿದ್ದೀಯೋ ಏನೋ.

ಉತ್ತರ ನನ್ನ ಹೆಸರಿಗೆ.

ನಿನ್ನ ಅಜ್ಜಿ

*

ಮಾರ್ಚ್ 15

ಕಡ್ಡಿ,

ಹದಿನೈದು ದಿನ ಆಯ್ತು. ಸಹಿ ಇಲ್ಲ, ಸುದ್ದಿ ಇಲ್ಲ. ಓದೋ ತಾಯಿ, ನಿನ್ನ ಮೇಜಿನ ಕೆಳಗೆ ಏನಾದರೂ ಬಿದ್ದಿದೆಯಾ ನೋಡು.

ಬರೀ ಕಾದು ಕೂರೋಳಲ್ಲ ನಾನು. ಮೊನ್ನೆ ನೀನು ಕೆಲಸ ಮಾಡ್ತಿದ್ದ ಬೀದಿಗೆ ಹೋದೆ. ಅಂಗಡಿಯ ಮುಂಬಾಗಿಲಿಗೆ ತಗಡು ಹೊಡೆದಿದ್ದಾರೆ. ಗೋಡೆ ಮೇಲಿನ ಮಸಿ ಪಕ್ಕದ ಚಪ್ಪಲಿ ಅಂಗಡಿಯ ಬೋರ್ಡಿನ ತನಕ ಹತ್ತಿದೆ. ನಿನ್ನ ಟೈಲರಮ್ಮ ಈಗ ಹಿಂದಿನ ಗಲ್ಲಿಯಲ್ಲಿ ಒಂದು ರೂಮು ಹಿಡಿದು ಎರಡು ಮಿಷನ್ ಇಟ್ಟುಕೊಂಡಿದ್ದಾಳೆ. ನನ್ನನ್ನ ನೋಡಿ ಮಿಷನ್ ನಿಲ್ಲಿಸಲಿಲ್ಲ. "ಆರು ವರ್ಷ ಮಗಳ ಹಾಗೆ ನೋಡಿಕೊಂಡೆ" ಅಂದಳು, ತುಳೀತಾನೇ. "ಮಗಳ ಹಾಗೆ ನೋಡಿಕೊಂಡವಳು ನಿನ್ನೆ ಬಂದವಳ ಕೈಗೆ ಕತ್ತರಿ ಕೊಟ್ಟೆಯಲ್ಲಮ್ಮ" ಅಂದೆ. ಆಗ ನಿಲ್ಲಿಸಿದಳು.

ನಿನ್ನ ಕಸುಬಿನ ಲೆಕ್ಕ ನನಗೇನು ಗೊತ್ತಿಲ್ಲ ಅಂದುಕೊಂಡಿದ್ದೀಯಾ? ದೊಡ್ಡ ಕತ್ತರಿ ಯಾರ ಕೈಗೆ ಬರುತ್ತೋ ಕಟ್ಟಿಂಗ್ ಮೇಜು ಅವರದ್ದು, ಉಳಿದವರೆಲ್ಲ ಅವರು ಕತ್ತರಿಸಿದ್ದನ್ನ ಹೊಲೀಬೇಕು. ಆರು ವರ್ಷ ಗುಂಡಿ ಹಾಕಿ, ಅಂಚು ಮಡಚಿ, ಇಸ್ತ್ರಿ ಉಜ್ಜಿ ಕಾದೆ ನೀನು. ಕತ್ತರಿ ಮಾತ್ರ ಎಂಟು ತಿಂಗಳ ಹೊಸಬಳಿಗೆ. ನಾನಾಗಿದ್ದರೂ ಹೊಟ್ಟೆ ಉರೀತಿತ್ತು.

ಆ ಹೊಸಬಳೂ ಅಲ್ಲೇ ಇದ್ದಳು. ರಾಕ್ಷಸಿ ಇರ್ತಾಳೆ ಅಂತ ಹೋಗಿದ್ದೆ. ಕುತ್ತಿಗೆ ಸಣ್ಣ, ಕಣ್ಣು ದೊಡ್ಡದು, ಬಲಗೈಯ ಎರಡು ಬೆರಳಿಗೆ ಬಟ್ಟೆ ಸುತ್ತಿದೆ. ಬೆಂಕಿಯಿಂದ ಮಿಷನ್ ಎಳೀತಾ ಸುಟ್ಟುಕೊಂಡಳಂತೆ. ಟೀ ತಂದಿಟ್ಟಳು. ಅವಳ ಟೀ ಕುಡಿಯಬಾರದು ಅಂತ ಹಟ ಮಾಡಿದೆ, ಬಿಸಿಲಲ್ಲಿ ನಡೆದು ಬಂದಿದ್ದೆ, ಕುಡಿದೆ. "ಅಕ್ಕ ಹೇಗಿದ್ದಾರೆ?" ಅಂದಳು. ನಿನ್ನನ್ನ ಅಕ್ಕ ಅನ್ನೋಕೆ ಇವಳ್ಯಾರು ಅಂತ ಬಾಯಿಗೆ ಬಂತು. ಅಷ್ಟರಲ್ಲಿ ಅವಳೇ ಮೆಲ್ಲಗೆ ಹೇಳಿದಳು: "ಅಜ್ಜಿ, ಊಟ ಮುಗಿಸಿ ಬಂದವಳು ಮೊದಲು ನಾನೇ. ನಾನು ಕತ್ತರಿಸಿದ್ದ ಕೋಟಿನ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆ ಬೋರಲು ಕೂತಿತ್ತು, ಉರಿ ಅಲ್ಲಿಂದಲೇ ಏಳ್ತಿತ್ತು, ವೈರು ಇನ್ನೂ ಗೋಡೆಯ ಪ್ಲಗ್ಗಿನಲ್ಲಿತ್ತು. ಅಂಗಡಿ ಸುಡೋರು ಹಾಗಾ ಸುಡ್ತಾರೆ? ಪೊಲೀಸರಿಗೂ ಹೇಳಿದೆ. ಅವಳೇ ಒಪ್ಪಿಕೊಂಡ ಮೇಲೆ ನಿನ್ನದೇನು ಅಂದರು."

ಎಷ್ಟು ಬೇಕಾದರೂ ಬಂದು ಹೇಳ್ತೀನಿ ಅಂದಳು. ನಿನ್ನ ಕೋಟು ಸುಟ್ಟವಳ ಪರವಾಗಿ ಯಾಕೆ ಹೇಳ್ತೀಯೇ ಅಂದೆ. "ಅವರು ಹಾಕಿದ ಗುಂಡಿ ಯಾವತ್ತೂ ಕಿತ್ತುಬರಲ್ಲ ಅಜ್ಜಿ" ಅಂದಳು. ಇದಕ್ಕೆ ಏನರ್ಥವೋ. ಮೆಟ್ಟಿಲಿಳಿದು ಬರೋವಾಗ ಯಾಕೋ ಕಣ್ಣು ಒದ್ದೆ ಆಯ್ತು. ಬಿಸಿಲಿಗಿರಬೇಕು.

ಚಿಕ್ಕಜ್ಜಿಗೆ ಈ ವಿಷಯ ಹೇಳಿಲ್ಲ. ಒಂದಾದರೂ ನನ್ನ ಹತ್ತಿರ ಇರಲಿ.

ಸಹಿ ಹಾಕಿ ಕಳಿಸೇ, ನನ್ನ ಬಂಗಾರ.

ಅಜ್ಜಿ

*

ಮಾರ್ಚ್ 27

ಅಜ್ಜಿಗೆ,

ನಿನ್ನ ಮೂರೂ ಕಾಗದ ಸಿಕ್ಕಿದವು. ಓದೋ ಮೇಡಂ ನಿನ್ನದನ್ನ ಕೊನೆಗೆ ಇಟ್ಟುಕೊಂಡು ಓದ್ತಾರಂತೆ, ಟೀ ಜೊತೆ. ಎಣ್ಣೆ ಕೈಯಲ್ಲಿ ಮುಟ್ಟಿಲ್ಲ ಅಂತ ಹೇಳು ಅಂದರು.

ಹೊಸಬಳು ಹೇಳಿದ್ದು ನಿಜ. ಊಟದ ಹೊತ್ತಲ್ಲಿ ಎಲ್ಲರೂ ಹೊರಗೆ ಹೋಗಿದ್ದರು. ಅವಳು ಕತ್ತರಿಸಿದ್ದ ಕೋಟು ಮೇಜಿನ ಮೇಲಿತ್ತು. ಎಷ್ಟು ಚೆನ್ನಾಗಿ ಕತ್ತರಿಸಿದ್ದಳು ಗೊತ್ತಾ ಅಜ್ಜಿ? ಭುಜದ ತಿರುವು ನೀರು ಹರಿದ ಹಾಗೆ ಬಂದಿತ್ತು. ನನಗೆ ಹಾಗೆ ಬರಲ್ಲ. ಕೆಟ್ಟದಾಗಿ ಕತ್ತರಿಸಿದ್ದರೆ ನಾನು ಮುಟ್ಟುತ್ತಿರಲಿಲ್ಲ. ಕಾದ ಇಸ್ತ್ರಿಪೆಟ್ಟಿಗೆ ಬೆನ್ನ ಮೇಲಿಟ್ಟು, ಕಂದು ಬಣ್ಣ ಬರೋವರೆಗೂ ಒತ್ತಿ ಹಿಡಿದೆ. ಯಾರೋ ಕೆಮ್ಮಿದ್ದು ಕೇಳಿಸಿತು. ಹಾಗೇ ಬಿಟ್ಟು ಹಿಂಬಾಗಿಲಿಂದ ಓಡಿದೆ. ಅಷ್ಟೇ. ಅಂಗಡಿ ಸುಡಬೇಕು ಅಂತ ಇರಲಿಲ್ಲ. ಆದರೆ ಸುಟ್ಟಿತು. ಅವಳ ಬೆರಳೂ ಸುಟ್ಟಿತು. ಅದಕ್ಕೇ ಎಲ್ಲಾ ನನ್ನದೇ ತಪ್ಪು ಅಂದೆ. "ಬೇಕಂತಲೇ" ಅನ್ನೋ ಒಂದು ಮಾತಿಗೆ ನಾಲ್ಕು ವರ್ಷ ಇದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ವಕೀಲಮ್ಮನ ಕಾಗದಕ್ಕೆ ಸಹಿ ಹಾಕಿಲ್ಲ. ಅದರಲ್ಲಿ ಒಂದು ಸಾಲು ಖಾಲಿ ಇದೆ: ವಿಚಾರಣೆಯ ದಿನ ವಕೀಲರ ನೆರವು ಯಾಕೆ ಪಡೆಯಲಿಲ್ಲ? ಅಲ್ಲಿ ನಾನು ಸುಳ್ಳು ಬರೆಯಲ್ಲ. ನಿಜವನ್ನೂ ನಾನು ಬರೆಯಲ್ಲ. ವಕೀಲರು ಯಾಕೆ ಬರಲಿಲ್ಲ ಅಂತ ಚಿಕ್ಕಜ್ಜಿಯನ್ನ ಕೇಳಿ ಬರೆದಿದ್ದೆ. ಅವರ ಉತ್ತರ ಬಂತು. ನಾನೇ ಬೇಡ ಅಂದೆನಂತೆ. ನನ್ನ ಕೈಗೆ ಯಾವ ಕಾಗದವೂ ಬಂದಿರಲಿಲ್ಲ. ಅದನ್ನ ಅವರಿಗೆ ಇನ್ನೂ ಹೇಳಿಲ್ಲ.

ಚಿಕ್ಕಜ್ಜಿಯ ನೀಲಿ ಗಾಜಿನ ಹೂಜಿ ನೆನಪಿದೆಯಾ ಅಜ್ಜಿ? ನನಗೆ ಆಗ ಎಂಟು ವರ್ಷ.

ಬಿಸಿಲಲ್ಲಿ ನಡೆಯಬೇಡ.

ಕಡ್ಡಿ

*

ಏಪ್ರಿಲ್ 5

ಕಡ್ಡಿ,

ಯಾವ ಹೂಜಿ? ನನಗೆ ಯಾವ ಹೂಜಿಯೂ ನೆನಪಿಲ್ಲ. ಊರವರ ಹೂಜಿ, ಕೊಡ, ತಂಬಿಗೆ ಎಲ್ಲಾ ನೆನಪಿಟ್ಟುಕೊಂಡು ಕೂರೋಕೆ ನನಗೇನು ಬೇರೆ ಕೆಲಸ ಇಲ್ವಾ?

ಆ ಸಾಲು ಖಾಲಿ ಬಿಟ್ಟು ಸಹಿ ಹಾಕು. ಇಲ್ಲ "ತಿಳಿಯಲಿಲ್ಲ" ಅಂತ ಬರೀ. ಪ್ರಪಂಚದಲ್ಲಿ ಅರ್ಧ ಜನ ಹಾಗೇ ಬರೆದು ಪಾರಾಗ್ತಾರೆ. ದೊಡ್ಡ ಸತ್ಯವಂತೆ! ಇಸ್ತ್ರಿಪೆಟ್ಟಿಗೆ ಬಿಟ್ಟು ಓಡೋವಾಗ ಎಲ್ಲಿತ್ತು ಈ ಸತ್ಯ?

ಈ ಮೇಲಿನ ಸಾಲನ್ನ ಗೀಚಿ ಹೊಡೆದು ಹಾಕಿದ್ದೀನಿ. ಆದರೂ ಕಾಣುತ್ತೆ. ಕಾಣಲಿ.

ಚಿಕ್ಕಜ್ಜಿಯ ಸ್ವೆಟರ್ ಮುಗಿದಿದೆ. ನೀಲಿ ಬಣ್ಣ. ತೋಳೆರಡೂ ಈ ಸಲ ಸಮ ಇವೆ, ಅದಕ್ಕೂ ಸಿಟ್ಟು ಬಂತು ನನಗೆ.

ಇಪ್ಪತ್ತೆಂಟು ದಿನ ಉಳಿದಿದೆ. ಕ್ಯಾಲೆಂಡರಿನಲ್ಲಿ ಗೀಟು ಹಾಕ್ತಿದ್ದೀನಿ.

ಅಜ್ಜಿ

*

ಏಪ್ರಿಲ್ 19

ಓದೋ ತಾಯಿ, ಇದನ್ನ ಟೀ ಜೊತೆ ಓದಬೇಡ. ಟೀ ಆರಿ ಹೋಗುತ್ತೆ. ಓದಿದ ಮೇಲೆ ನನ್ನ ಬಗ್ಗೆ ಏನಾದರೂ ಅಂದುಕೋ, ಆದರೆ ಇವತ್ತೇ ಅವಳ ಕೈಗೆ ಮುಟ್ಟಿಸು. ಒಂದು ದಿನವೂ ಇಟ್ಟುಕೊಳ್ಳಬೇಡ. ನಿನಗೂ ಹೆಣ್ಣುಮಕ್ಕಳಿರಬಹುದು.

ಕಡ್ಡಿ,

ಹೂಜಿ ಒಡೆದದ್ದು ನಾನು.

ನೆನಪಿದೆ. ಹಿಡಿಯ ಹತ್ತಿರ ಬಿಳೀ ಹೂವಿತ್ತು. ಅವಳ ಗಂಡ ದೂರದಿಂದ ತಂದುಕೊಟ್ಟದ್ದು. ನನ್ನ ಗಂಡ ನನಗೆ ಯಾವತ್ತೂ ಏನೂ ತಂದವರಲ್ಲ. ತೊಳೆಯೋಕೆ ಅಂತ ಎತ್ತಿಕೊಂಡೆ, ಎತ್ತಿಕೊಂಡಾಗಲೇ ಬೀಳಿಸಬೇಕು ಅನ್ನಿಸಿತ್ತೋ, ಬಿದ್ದ ಮೇಲೆ ಅನ್ನಿಸಿತೋ, ದೇವರೇ ಬಲ್ಲ. ಅವಳು ಓಡಿಬಂದಳು. ನಾನು ಬಾಯಿ ಬಿಡೋದರೊಳಗೆ ನೀನು, ಚೋಟುದ್ದದ್ದು, ಮುಂದೆ ಬಂದು "ನಾನೇ ಮಾಡಿದ್ದು" ಅಂದೆ. ಒಪ್ಪಿಕೊಂಡವರಿಗೆ ಪೆಟ್ಟಿಲ್ಲ ಅಂತ ನಾನೇ ಕಲಿಸಿದ್ದು ತಾನೇ. ಅವಳು ಹೊಡೆಯಲಿಲ್ಲ. ನಾನು ಸುಮ್ಮನೆ ನಿಂತೆ. ನಿನಗೆ ಸಕ್ಕರೆ ಕೊಟ್ಟೆ. ಹದಿನಾಲ್ಕು ವರ್ಷದಿಂದ ಸುಮ್ಮನೇ ಇದ್ದೀನಿ.

ಈಗ ಇನ್ನೊಂದು. ವಕೀಲಮ್ಮ ವಿಚಾರಣೆಗೆ ಮುಂಚೆ ಕೊಟ್ಟ ವಕಾಲತ್ತಿನ ಕಾಗದ ನಾನು ನಿನ್ನ ಹತ್ತಿರ ತರಲೇ ಇಲ್ಲ. ಎರಡು ಬಸ್ಸು ಬದಲಿಸಿ ನಿನ್ನನ್ನ ನೋಡೋಕೆ ಬಂದೆನಲ್ಲ, ಆ ದಿನ ಅದು ನಮ್ಮ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಯ ಕೆಳಗಿತ್ತು. ಮನೆಗೆ ಬಂದು "ಮಗು ಬೇಡ ಅಂದಳು" ಅಂತ ಇಬ್ಬರಿಗೂ ಹೇಳಿದೆ.

ಯಾಕೆ ಅಂತ ಕೇಳ್ತೀಯ. ಹೇಳ್ತೀನಿ, ಬರೆಯೋಕೆ ಎರಡು ವಾರ ಹಿಡೀತು. ಕಾಗದ ಕೊಡೋವಾಗ ನಿನ್ನ ಚಿಕ್ಕಜ್ಜಿ ನನ್ನ ಕೈ ಹಿಡಿದು "ಹೆದರಬೇಡಕ್ಕ, ನಾನಿದ್ದೀನಿ" ಅಂದಳು. ನಲವತ್ತೆಂಟು ವರ್ಷದಿಂದ ಅವಳಿದ್ದಾಳೆ. ಅವಳ ಕೈ ಅಡುಗೆ ಚೆನ್ನ, ಅವಳ ಗಂಡ ಚೆನ್ನ, ಅವಳ ಹೊಲಿಗೆ ಮಿಷನ್ನಿನ ಮುಂದೆ ನೀನು ಶಾಲೆ ಬಿಟ್ಟ ಕೂಡಲೇ ಹೋಗಿ ಕೂರ್ತಿದ್ದೆ. ನಾನು ಇಲ್ಲಿ ಬಾಗಿಲಲ್ಲಿ ನಿಂತು ಆ ಸದ್ದು ಕೇಳ್ತಿದ್ದೆ. ನಿನ್ನ ಕಸುಬು ಅವಳು ಕೊಟ್ಟದ್ದು. ಈಗ ನಿನ್ನ ಬಿಡುಗಡೆಯೂ ಅವಳು ಕೊಡಬೇಕಾ? ನೀನು ಹೊರಗೆ ಬರೋದು ನನಗೆ ಬೇಕಿತ್ತು ಕಣೇ, ನನ್ನಾಣೆ ಬೇಕಿತ್ತು. ಅವಳಿಂದ ಬರೋದು ಬೇಡವಾಗಿತ್ತು. ನನ್ನ ಮಾತಿಂದ ಬರ್ತೀಯ ಅಂದುಕೊಂಡೆ. ಒಪ್ಪಿಕೋ, ಬೈದು ಕಳಿಸ್ತಾರೆ ಅಂದುಕೊಂಡೆ. ನಾನೇ ಮಾಡಿದ ಕಾನೂನು ಕೋರ್ಟಿನಲ್ಲೂ ನಡೆಯುತ್ತೆ ಅಂದುಕೊಂಡ ಮೂರ್ಖ ಮುದುಕಿ ನಾನು.

ಆ ಹೊಸಬಳ ಕೋಟು ಚೆನ್ನಾಗಿತ್ತು ಅಂತ ಸುಟ್ಟೆ ಅಂದೆಯಲ್ಲ. ಓದಿ ಬೆಚ್ಚಿಬಿದ್ದೆ. ಅದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಹೊಲಿಗೆ ಅವಳು ಕಲಿಸಿದಳು. ಇದನ್ನ ನಾನು ಕಲಿಸಿದೆ.

ಶನಿವಾರ ಬೆಳಿಗ್ಗೆ ಅವಳ ಬಾಗಿಲು ತಟ್ಟಿದೆ. ಸಕ್ಕರೆ ಡಬ್ಬಿಯ ಕೆಳಗಿನ ಕಾಗದ ಕೈಯಲ್ಲಿತ್ತು, ಒಂದು ಮೂಲೆಗೆ ಇರುವೆ ಹತ್ತಿತ್ತು. ಅವಳು ಬಟ್ಟೆ ಹಿಂಡ್ತಿದ್ದಳು.

"ಏನಕ್ಕ, ಇಷ್ಟು ಬೆಳಿಗ್ಗೆ?"

"ಈ ಕಾಗದ ಮಗುವಿಗೆ ಕೊಡಲಿಲ್ಲ."

"ಯಾವ ಕಾಗದ?"

"ಇದೇ. ಅವಳು ಬೇಡ ಅನ್ನಲಿಲ್ಲ. ಅವಳು ನೋಡೇ ಇಲ್ಲ. ನಾನೇ ಮುಚ್ಚಿಟ್ಟೆ."

ಅವಳು ಕಾಗದ ನೋಡಿದಳು. ನನ್ನನ್ನ ನೋಡಿದಳು. ಕೈ ಒರೆಸಿಕೊಳ್ಳಲಿಲ್ಲ ಕೂಡ. ಆ ಒದ್ದೆ ಕೈಯಲ್ಲೇ ಕೆನ್ನೆಗೆ ಒಂದು ಬಿಟ್ಟಳು. ಚಟಾರ್ ಅಂತು. ಕೆಳಗಿನ ಮನೆಯವರು ಏನು ಬಿತ್ತು ಅಂತ ಹೊರಗೆ ಬಂದರು.

ನನಗೆ ಎಪ್ಪತ್ತಮೂರು ವರ್ಷ. ಒಪ್ಪಿಕೊಂಡವರಿಗೂ ಪೆಟ್ಟು ಬೀಳುತ್ತೆ ಅಂತ ಈಗ ಕಲಿತೆ. ಅದೇನೋ ಕಣೇ, ನೋವಾಗಲಿಲ್ಲ. ಅಂದರೆ ನೋವಾಯ್ತು, ಎರಡು ದಿನ ಆ ಕಡೆ ಅಗಿಯೋಕೆ ಆಗಲಿಲ್ಲ. ಆದರೆ ಗಂಟಲಿನ ಮುಳ್ಳು ಇಳಿದ ಹಾಗಾಯ್ತು.

ಒಂದಕ್ಕೆ ಹೊಡೆದಿದ್ದಾಳೆ, ಇನ್ನೊಂದೂ ಇದರಲ್ಲೇ ಮುಗಿದುಹೋಗಲಿ ಅಂತ "ಹೂಜಿಯೂ ನಾನೇ" ಅಂದೆ. ಅಲ್ಲೇ ಕೆಟ್ಟೆ. ಹೊಡೆಯಲಿಲ್ಲ. ಬಾಗಿಲು ಹಾಕಿಕೊಂಡಳು. ವಕಾಲತ್ತಿನ ಕಾಗದಕ್ಕೆ ಒಂದು ಪೆಟ್ಟು, ಹೂಜಿಗೆ ಮೂರು ದಿನ ಮಾತಿಲ್ಲ. ನಾಲ್ಕನೇ ದಿನ ಬಾಗಿಲು ತೆಗೆದು, "ನಡಿ, ವಕೀಲಮ್ಮ ಕಾಯ್ತಿದ್ದಾಳೆ" ಅಂದಳು. ಅಕ್ಕ ಅನ್ನಲಿಲ್ಲ. ಇನ್ನೂ ಅಂದಿಲ್ಲ.

ವಕೀಲಮ್ಮ ಎಲ್ಲಾ ಕೇಳಿ ಕನ್ನಡಕ ತೆಗೆದು ಒರೆಸಿದಳು. ಬೈಯಲಿಲ್ಲ. ನಾನು ಹೇಳಿದ್ದನ್ನೇ ಟೈಪು ಮಾಡಿಸಿ ಅಫಿಡವಿಟ್ ಮಾಡಿದಳು. ಮೇಲಿನ ಕೋರ್ಟಿಗೆ ನಾನು ಪ್ರಮಾಣ ಮಾಡಿ ಹೇಳೋ ಕಾಗದ. "ಇದು ಕೋರ್ಟಿನಲ್ಲಿ ಎಲ್ಲರ ಮುಂದೆ ಓದ್ತಾರೆ ಅಜ್ಜಿ. ನಿಮ್ಮನ್ನ ನಿಲ್ಲಿಸಿ ಕೇಳಬಹುದು, ಬೈಯಬಹುದು" ಅಂದಳು. ಬೈಯಲಿ, ಜಡ್ಜಿಗಿಂತ ನನ್ನ ವಾರಗಿತ್ತಿಯ ಕೈ ಗಟ್ಟಿ ಅಂದೆ. ಹೆಬ್ಬೆಟ್ಟು ಒತ್ತೋಕೆ ಶಾಯಿ ತಂದರು. ತೆಗೆದುಕೊಂಡು ಹೋಗಿ ಅಂದೆ. ಪೂರ್ತಿ ಹೆಸರು ಬರೆದೆ. ಎರಡು ನಿಮಿಷ ಹಿಡೀತು. ಹೊಸಬಳೂ ಬಂದು ತನ್ನದಕ್ಕೆ ಎಡಗೈಯಲ್ಲಿ ಸಹಿ ಹಾಕಿದಳು.

ಗೆಲ್ತೀವಿ ಅಂತ ವಕೀಲಮ್ಮ ಹೇಳಲಿಲ್ಲ. ಕಿಟಕಿ ಇದೆ, ತಟ್ಟಬಹುದು ಅಂದಳು ಅಷ್ಟೇ. ಕೋಟು ಸುಟ್ಟದ್ದಕ್ಕೆ, ಇಸ್ತ್ರಿಪೆಟ್ಟಿಗೆ ಬಿಟ್ಟು ಓಡಿದ್ದಕ್ಕೆ, ಆ ಹುಡುಗಿಯ ಬೆರಳಿಗೆ ನೀನು ಉತ್ತರ ಕೊಡಲೇಬೇಕು. ಅದು ನಿನ್ನದು. ಅದನ್ನ ಒಪ್ಪಿಕೋ, ಎಷ್ಟು ಪೆಟ್ಟು ಬಿದ್ದರೂ. ಬೇಕಂತ ಅಂಗಡಿ ಸುಟ್ಟದ್ದು ನಿನ್ನದಲ್ಲ. ವಕೀಲರಿಲ್ಲದೆ ನಿಂತದ್ದು ನಿನ್ನದಲ್ಲ. ಅದು ನನ್ನದು. ಇನ್ನು ಮೇಲೆ ನನ್ನ ಹೂಜಿ ನೀನು ಒಡೆಯಬೇಡ.

ಕಾಗದ ಮತ್ತೆ ಕಳಿಸಿದ್ದೀನಿ. ಖಾಲಿ ಸಾಲಿನಲ್ಲಿ "ಅಜ್ಜಿ ಮುಚ್ಚಿಟ್ಟರು" ಅಂತ ಬರೀ. ಬರೆಯೋಕೆ ಕೈ ಬರದಿದ್ದರೆ "ಅಜ್ಜಿಯ ಅಫಿಡವಿಟ್ ನೋಡಿ" ಅಂತ ಬರೀ. ಮೂರು ಕಡೆ ಸಹಿ ಹಾಕು. ಪೆನ್ಸಿಲ್ ಗುರುತು ಅಳಿಸಬೇಡ. ಸ್ವೆಟರ್ ಹಾಕಿಕೋ. ಚೆನ್ನಾಗಿದೆ, ಹೇಳಿದ್ದೀನಿ ನೋಡು, ಚೆನ್ನಾಗಿದೆ. ಅವಳಿಗೆ ಮಾತ್ರ ಹಾಗೆ ಬರೀಬೇಡ.

ಇನ್ನು ಮುಂದೆ ಚಿಕ್ಕಜ್ಜಿಗೆ ಎಷ್ಟು ಕಾಗದ ಬೇಕಾದರೂ ಬರೀ, ನಾನು ಏನೂ ಅನ್ನಲ್ಲ. ಇಲ್ಲ, ಅಂತೀನಿ. ಅವಳಿಗೆ ಒಂದು ಹಾಳೆ ಬರೆದರೆ ನನಗೆ ಎರಡು ಬರಬೇಕು. ಮೇ ಮೂರಕ್ಕೆ ಎಲ್ಲಾ ಮುಗಿಯುತ್ತೆ, ಅಂಚೆಯವನು ಭಾನುವಾರ ಬರಲ್ಲ, ವಕೀಲಮ್ಮನಿಗೆ ಎರಡು ದಿನ ಬೇಕು. ಈ ತಿಂಗಳು ಮುಗಿದು ಮೇ ಕಾಲಿಡೋದರೊಳಗೆ ಸಹಿ ಹಾಕಿದ ಕಾಗದ ಮನೆಗೆ ಬಂದಿರಬೇಕು. ಎದುರು ಬಾಗಿಲಿಗಲ್ಲ, ನನ್ನ ಬಾಗಿಲಿಗೆ. ಬರೀ.

ನಿನ್ನ ಅಜ್ಜಿ